ಸೋರುವ ಮಾಳಿಗೆಯ ಕೆಳಗೆ ಎಷ್ಟು ಜನ?

ಶಿಶುನಾಳ ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’ ಕೇಳದ ಕನ್ನಡಿಗರು ಕಡಿಮೆ. ಸಿನಿಮಾದಲ್ಲಿ, ಸುಗಮ ಸಂಗೀತದ ವೇದಿಕೆಯಲ್ಲಿ, ರಾಕ್ ಬ್ಯಾಂಡಿನಲ್ಲಿ, ಕಾಲೇಜಿನ ಯುವಜನೋತ್ಸವದಲ್ಲಿ, ಅಮಾವಾಸ್ಯೆಯ ಭಜನೆಯಲ್ಲಿ, ಹೀಗೆ ಎಲ್ಲ ಕಡೆ ಈ ಪದ ಓಡಾಡಿಕೊಂಡಿದೆ. ಇಷ್ಟು ಕಡೆ ಓಡಾಡಿದ ಹಾಡು ಸಾಮಾನ್ಯವಾಗಿ ಸವೆದು ನುಣುಪಾಗುತ್ತದೆ. ಅರ್ಥ ಮರೆತು ರಾಗವಷ್ಟೇ ನೆನಪಿನಲ್ಲಿ ಉಳಿಯುತ್ತದೆ. ಈ ಹಾಡಿಗೆ ಹಾಗಾಗಿಲ್ಲ. ಯಾರು ಹಾಡಿದರೂ ಕೇಳುವವರ ಎದೆಯಲ್ಲಿ ಏನೋ ಒಂದು ಕುಸಿಯುತ್ತದೆ. ಆ ಕುಸಿತದ ಹೆಸರು ಹತಾಶೆ ಎಂದು ನಾವೆಲ್ಲ ಒಪ್ಪುತ್ತೇವೆ. ಆದರೆ ಅದು ಯಾವ ಬಗೆಯ ಹತಾಶೆ, ಯಾರದು, ಎಷ್ಟು ಜನರದು ಎಂದು ಕೇಳಿದರೆ ಒಂದೊಂದು ಧ್ವನಿಮುದ್ರಣವೂ ಒಂದೊಂದು ಉತ್ತರ ಕೊಡುತ್ತದೆ. ಆ ಉತ್ತರಗಳ ನಡುವಿನ ಅಂತರವೇ ಈ ಬರಹದ ವಸ್ತು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಮಾಳಿಗೆ ಸೋರುತ್ತಿರುವುದು ಈ ಹಾಡಿನ ಮುಖ್ಯ ದುಃಖವಲ್ಲ. ಮಾಳಿಗೆ ಅಂದ ಮೇಲೆ ಒಂದಲ್ಲ ಒಂದು ದಿನ ಸೋರಲೇಬೇಕು. ಸೋರುವುದನ್ನು ಸರಿಮಾಡುವವರು ಯಾರೂ ಇಲ್ಲ ಎಂಬುದು ಇಲ್ಲಿನ ದುಃಖ. ‘ಯಾರೂ ಇಲ್ಲ’ ಎಂಬ ಮಾತು ನಿಜವೋ ಸುಳ್ಳೋ ಎಂಬುದು ಬರೆದ ಸಾಲಿನಲ್ಲಿ ತೀರ್ಮಾನವಾಗುವುದಿಲ್ಲ. ಹಾಡುವಾಗ ಸುತ್ತ ಎಷ್ಟು ಜನರಿದ್ದಾರೆ ಎಂಬುದರ ಮೇಲೆ ಅದು ನಿಂತಿದೆ.

ಮೊದಲು ಮಾಳಿಗೆಯ ವಿಷಯ. ಮೈಸೂರು, ಬೆಂಗಳೂರು ಕಡೆಯ ಗೆಳೆಯರ ಜೊತೆ ಈ ಹಾಡಿನ ಬಗ್ಗೆ ಮಾತಾಡುವಾಗ ನನಗೆ ಪದೇ ಪದೇ ಒಂದು ಅನುಭವವಾಗಿದೆ. ಅವರಿಗೆ ಮಾಳಿಗೆ ಎಂದರೆ ಮಹಡಿ, ಅಥವಾ ಹೆಂಚಿನ ಮಾಡು. ಹೆಂಚು ಒಡೆದರೆ ಒಂದು ಹೆಂಚು ಬದಲಿಸಿದರಾಯಿತು, ಅದಕ್ಕೆ ಇಷ್ಟೊಂದು ಅಳಲೇಕೆ ಎಂಬ ಪ್ರಶ್ನೆ ಅವರ ಮುಖದಲ್ಲಿರುತ್ತದೆ. ನಮ್ಮ ಲಿಂಗಸುಗೂರು, ಮಸ್ಕಿ ಕಡೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಆ ಪ್ರಶ್ನೆ ಏಳುವುದಿಲ್ಲ. ಇಲ್ಲಿ ಮಾಳಿಗೆ ಎಂದರೆ ಮಣ್ಣಿನ ಸಪಾಟು ಛಾವಣಿ. ಕಲ್ಲು ಮಣ್ಣಿನ ಗೋಡೆ, ಅದರ ಮೇಲೆ ದಪ್ಪ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಸೊಪ್ಪು ಸದೆ, ಎಲ್ಲದರ ಮೇಲೆ ಮೊಳದಷ್ಟು ಮಣ್ಣು. ನೀರು ಇಳಿಯದಿರಲೆಂದು ಮೇಲ್ಪದರಕ್ಕೆ ಸವಳು ಮಣ್ಣು ಹಾಕಿ ತುಳಿದು ಗಟ್ಟಿ ಮಾಡುತ್ತಾರೆ. ಬೇಸಗೆಯಲ್ಲಿ ಒಳಗೆ ತಂಪು, ಚಳಿಯಲ್ಲಿ ಬೆಚ್ಚಗೆ. ಮಳೆಗಾಲದಲ್ಲಿ ಮಾತ್ರ ಅದರ ಪರೀಕ್ಷೆ.

ಈ ಛಾವಣಿಯ ಗುಣ ಏನೆಂದರೆ, ಕಟ್ಟಿ ಬಿಟ್ಟರೆ ಮುಗಿಯಿತು ಎನ್ನುವಂತಿಲ್ಲ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಮೇಲೆ ಹತ್ತಿ ಬೆಳೆದ ಹುಲ್ಲು ಕೀಳಬೇಕು, ಇರುವೆ ಇಲಿ ತೋಡಿದ ತೂತು ಮುಚ್ಚಬೇಕು, ಹೊಸ ಮಣ್ಣು ಹಾಕಬೇಕು. ಕೆಳಗಿನಿಂದ ಪುಟ್ಟಿ ಎತ್ತಿಕೊಡುವವರು, ಏಣಿಯ ನಡುವೆ ನಿಂತು ಇಸಿದುಕೊಳ್ಳುವವರು, ಮೇಲೆ ಹರಡುವವರು, ತುಳಿಯುವವರು ಹೀಗೆ ನಾಲ್ಕಾರು ಜನ ಬೇಕು. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು ಎನ್ನುವ ಮುಯ್ಯಾಳಿನ ಲೆಕ್ಕದಲ್ಲೇ ಈ ಕೆಲಸ ನಡೆಯುತ್ತಿತ್ತು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದು ಭತ್ತದ ಸೀಮೆಯಾದ ಸಿಂಧನೂರಿನಲ್ಲಿ ಸಿಮೆಂಟಿನ ಮನೆಗಳು ಹೆಚ್ಚಿದವು. ಅಲ್ಲಿಯೂ ಹಳೆಯ ಓಣಿಗಳಲ್ಲಿ ಮಾಳಿಗೆ ಮನೆಗಳು ಇನ್ನೂ ಉಳಿದಿವೆ. ಲಿಂಗಸುಗೂರು, ಮಸ್ಕಿಯ ಒಣ ಬೇಸಾಯದ ಹಳ್ಳಿಗಳಲ್ಲಂತೂ ಸಾಕಷ್ಟಿವೆ.

ಇದು ಗೊತ್ತಿದ್ದವರು ಹಾಡನ್ನು ಕೇಳಿದರೆ ಅದರ ಪ್ರತಿಯೊಂದು ವಿವರವೂ ಮನೆಕೆಲಸದ ಪಟ್ಟಿಯಂತೆ ಕೇಳಿಸುತ್ತದೆ. ತೊಲೆ ಮುರಿದಿದೆ, ಜಂತಿ ಹುಳು ತಿಂದಿದೆ, ಕೀಲು ಸಡಿಲಾಗಿದೆ. ಮೇಲೆ ಹುಲ್ಲು ಕಸ ಬೆಳೆದು ಇರುವೆ ಮುತ್ತಿದೆ. ನೀರಿನ ರಭಸಕ್ಕೆ ಮಣ್ಣು ಕರಗಿ ಒಳಗು ಹೊರಗು ಒಂದೇ ಆಗಿದೆ. ಕತ್ತಲು ಕವಿದಿದೆ, ಹಾಡುವವನಿಗೆ ಮೇಲೆ ಹತ್ತುವ ಶಕ್ತಿ ಇಲ್ಲ, ಸರಿಮಾಡಿಕೊಡುವ ಇನ್ನೊಬ್ಬರೂ ಇಲ್ಲ. ಇದಿಷ್ಟೂ ಮಳೆಯ ರಾತ್ರಿ ಮಾಳಿಗೆ ಮನೆಯ ಯಜಮಾನನಿಗೆ ನಿಜವಾಗಿ ಬರುವ ಕಷ್ಟ. ಪಲ್ಲವಿಯ ತುದಿಗೆ ಅಂಟಿಕೊಂಡ ‘ಅಜ್ಞಾನ’ ಎಂಬ ಪದ ಈ ಮನೆಯನ್ನು ದೇಹವನ್ನಾಗಿ, ಸೋರುವುದನ್ನು ಆಯುಷ್ಯವನ್ನಾಗಿ ಮಾಡುತ್ತದೆ. ತತ್ವಪದ ಹುಟ್ಟುವುದು ಆ ಒಂದು ಪದದಲ್ಲಿ. ಉಳಿದದ್ದು ಬಹುಪಾಲು ಮಣ್ಣು, ಕಟ್ಟಿಗೆ, ನೀರು. ಹಾಡುವವರು ಪಲ್ಲವಿಗೆ ಮರಳಿದಾಗ ಆ ಪದಕ್ಕೆ ಮುಂಚೆಯೇ ನಿಂತರೆ ನಮಗೆ ಬಡವನೊಬ್ಬನ ಮನೆ ಕಾಣುತ್ತದೆ. ಪದವನ್ನು ಸೇರಿಸಿಕೊಂಡು ಮುಗಿಸಿದರೆ ನಮ್ಮದೇ ಮೈ ಕಾಣುತ್ತದೆ. ಬರೆದ ಪಠ್ಯ ಎರಡಕ್ಕೂ ಜಾಗ ಬಿಟ್ಟಿದೆ.

ಇನ್ನು ಹಾಡು ಕಟ್ಟಿದವರ ಹತಾಶೆಯ ಮಾತು. ಶರೀಫರು (1819–1889) ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದವರು. ಮುಲ್ಕಿ ಪರೀಕ್ಷೆ ಪಾಸಾಗಿ ಕೆಲಕಾಲ ಶಾಲಾ ಮಾಸ್ತರರಾಗಿದ್ದವರು, ಆಮೇಲೆ ಕೆಲಸ ಬಿಟ್ಟು ಕಳಸದ ಗೋವಿಂದಭಟ್ಟರ ಶಿಷ್ಯರಾದವರು. ಮದುವೆಯಾಗಿ ಒಂದು ಮಗು ಹುಟ್ಟಿ ತೀರಿಕೊಂಡಿತು, ಹೆಂಡತಿಯೂ ಬೇಗ ಹೋದರು ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಬಡತನ, ಎರಡೂ ಧರ್ಮದ ಸಂಪ್ರದಾಯಸ್ಥರ ಸಿಟ್ಟು ಇವೂ ಸೇರಿಕೊಂಡವು. ಇಂಥ ಬಾಳಿನ ಪಕ್ಕದಲ್ಲಿ ಸೋರುವ ಮನೆಯ ಹಾಡನ್ನಿಟ್ಟರೆ ಎರಡನ್ನೂ ಕೂಡಿಸಿ ಗಂಟು ಹಾಕುವ ಆಸೆ ಯಾರಿಗಾದರೂ ಆಗುತ್ತದೆ. ಸಂಸಾರ ಕುಸಿದಾಗ ಕಟ್ಟಿದ ಹಾಡು ಇದು ಎಂದುಬಿಟ್ಟರೆ ವಿಮರ್ಶೆಯ ಕೆಲಸ ಅರ್ಧ ಮುಗಿದಂತೆ.

ಆದರೆ ಹಾಡೇ ಇದಕ್ಕೆ ಒಪ್ಪುವುದಿಲ್ಲ. ಕೊನೆಯ ನುಡಿಯಲ್ಲಿ ಹಾಡುವವನು ಮಾತಾಡುತ್ತಿರುವುದು ಹೆಂಡತಿಯ ಜೊತೆ. ಅವಳು ಅದೇ ಸೋರುವ ಮಾಳಿಗೆಯ ಕೆಳಗೆ, ಅದೇ ಕತ್ತಲಲ್ಲಿ ಪಕ್ಕದಲ್ಲೇ ಇದ್ದಾಳೆ. ತತ್ವಪದಗಳಲ್ಲಿ ‘ಕಾಂತೆ’, ‘ತಂಗಿ’, ‘ಅಕ್ಕ’ ಎಂದು ಕರೆಯುವುದು ಹಳೆಯ ಪದ್ಧತಿ. ಅದು ಮನಸ್ಸೂ ಆಗಬಹುದು, ಶಿಷ್ಯನೂ ಆಗಬಹುದು, ಎದುರು ಕೂತು ಕೇಳುತ್ತಿರುವ ಯಾರಾದರೂ ಆಗಬಹುದು. ಯಾವ ಅರ್ಥ ಹಿಡಿದರೂ ಒಂದು ಸಂಗತಿ ಬದಲಾಗುವುದಿಲ್ಲ. ಯಾರೂ ಇಲ್ಲ ಎಂದು ಶುರುವಾದ ಹಾಡು ಒಬ್ಬರನ್ನು ಕರೆದು ಮಾತಾಡಿಸುವ ಮೂಲಕ ಮುಗಿಯುತ್ತದೆ. ಶರೀಫರ ಹತಾಶೆ ಹಾಡಿಗೆ ಕೊಟ್ಟ ಆಕಾರ ಇದು. ಅವರು ದುಃಖವನ್ನು ಒಂದು ಪ್ರಕರಣದಂತೆ ವಿವರಿಸಲಿಲ್ಲ, ಅದನ್ನು ಒಂದು ಕರೆಯಾಗಿ ಕಟ್ಟಿದರು. ಕರೆಗೆ ಓಗೊಡುವವರು ಬೇಕು. ಹಾಗಾಗಿ ಈ ಹಾಡು ಕಾಗದದ ಮೇಲೆ ಯಾವಾಗಲೂ ಅರ್ಧವೇ.

ಈಗ ಧ್ವನಿಮುದ್ರಣಗಳಿಗೆ ಬರೋಣ. ಶರೀಫರ ಪದಗಳು ಬಹುಕಾಲ ಬಾಯಿಂದ ಬಾಯಿಗೆ, ಭಜನಾ ಮೇಳದಿಂದ ಮೇಳಕ್ಕೆ ಹರಿದು ಬಂದವು. ಅವುಗಳನ್ನು ನಗರದ ಓದುಗರಿಗೆ, ಕೇಳುಗರಿಗೆ ಮುಟ್ಟಿಸುವುದರಲ್ಲಿ ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರದು ಮತ್ತು ಸಿ. ಅಶ್ವತ್ಥ್ (1939–2009) ಅವರದು ದೊಡ್ಡ ಪಾಲು. ಕ್ಯಾಸೆಟ್ಟುಗಳ ಕಾಲದಲ್ಲಿ ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಅವರ ದನಿಗಳ ಮೂಲಕವೇ ಬಹಳಷ್ಟು ಜನ ಶರೀಫರನ್ನು ಮೊದಲು ಕೇಳಿದರು. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂತು. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದಭಟ್ಟರಾಗಿ ನಟಿಸಿದ ಆ ಚಿತ್ರದ ಸಂಗೀತವೂ ಅಶ್ವತ್ಥರದೇ.

ಅಶ್ವತ್ಥರದು ತೆರೆದ ಗಂಟಲಿನ, ತಾರಸ್ಥಾಯಿಗೆ ಅಂಜದ ದನಿ. ಒಂದು ಪದದ ತುದಿಯನ್ನು ಹಿಡಿದು ಎಳೆದು, ಅದು ಹರಿದು ಹೋಗುವಷ್ಟರಲ್ಲಿ ಬಿಡುವುದು ಅವರ ರೀತಿ. ಈ ಹಾಡಿನಲ್ಲಿ ಆ ರೀತಿಗೆ ತಕ್ಕ ಕೆಲಸ ಸಿಕ್ಕಿದೆ. ಮಾಳಿಗೆ ಸೋರುತ್ತಿದೆ ಎಂಬ ಸುದ್ದಿಯನ್ನು ಅವರು ಮನೆಯೊಳಗೆ ಹೇಳುತ್ತಿಲ್ಲ, ಬಯಲಿಗೆ ಬಂದು ಕೂಗಿ ಹೇಳುತ್ತಿದ್ದಾರೆ ಎನಿಸುತ್ತದೆ. ಇಲ್ಲಿ ಹತಾಶೆಗೆ ಘನತೆ ಇದೆ, ಎತ್ತರವಿದೆ. ಕೇಳುವವರು ತಲೆ ಎತ್ತಿ ನೋಡುವಂಥ ದುಃಖ ಅದು. ಆದರೆ ಆ ಎತ್ತರದಲ್ಲಿ ನಿಂತವರು ಒಬ್ಬರೇ. ಹಿನ್ನೆಲೆಯಲ್ಲಿ ವಾದ್ಯಗಳಿವೆ, ದನಿ ಕೂಡಿಸುವವರು ಇದ್ದರೂ ಅವರ ಜಾಗ ಹಿನ್ನೆಲೆಯೇ. ಸಿನಿಮಾದಲ್ಲಿ ಈ ಒಂಟಿತನ ಇನ್ನಷ್ಟು ಗಟ್ಟಿಯಾಗುತ್ತದೆ. ಒಂದು ಮುಖ, ಒಂದು ಬಾಳು, ಒಂದರ ಹಿಂದೆ ಒಂದು ಬಂದ ಕಷ್ಟಗಳು ನಮ್ಮ ಕಣ್ಣ ಮುಂದಿರುವಾಗ ಹಾಡು ಆ ಮನುಷ್ಯನ ಆತ್ಮಕಥೆಯಾಗಿಬಿಡುತ್ತದೆ. ನಾವು ಅವನಿಗಾಗಿ ಮರುಗುತ್ತೇವೆ. ನಮ್ಮ ಮಾಳಿಗೆಯನ್ನು ನೋಡಿಕೊಳ್ಳಬೇಕೆಂದು ಹೊಳೆಯುವುದು ತಡವಾಗಿ.

2008ರಲ್ಲಿ ಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ಮಿನಲ್ಲಿಯೂ ಈ ಹಾಡಿದೆ. ಅದೇ ಆಲ್ಬಮ್ಮಿನಲ್ಲಿ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಕೂಡ ಇದೆ, ಜೊತೆಗೆ ಹಿಂದಿ, ಇಂಗ್ಲಿಷ್ ಹಾಡುಗಳೂ ಇವೆ. ಗಿಟಾರ್, ಬಾಸ್, ಡ್ರಮ್ಸ್, ಪಿಟೀಲು ಸೇರಿದ ಬ್ಯಾಂಡಿನ ಶಬ್ದ ಅದು. ನಮ್ಮಲ್ಲಿ ಕೆಲವು ಹಿರಿಯರು ಈ ರೂಪವನ್ನು ಕೇಳಿ ಮುಖ ತಿರುಗಿಸುವುದನ್ನು ನೋಡಿದ್ದೇನೆ. ನನಗೆ ಹಾಗೆನಿಸುವುದಿಲ್ಲ. ಕನ್ನಡ ಬಾರದ ಕೇಳುಗನ ಮುಂದೆ ತೊಲೆ, ಜಂತಿ, ಹುಲ್ಲು, ಇರುವೆ ಎಲ್ಲವೂ ಅರ್ಥ ಕಳೆದುಕೊಳ್ಳುತ್ತವೆ ಎಂಬುದು ನಿಜ. ಅರ್ಥ ಹೋದ ಜಾಗದಲ್ಲಿ ಮೈಯನ್ನು ತಟ್ಟುವ ಲಯ ಬರುತ್ತದೆ. ಹತಾಶೆ ಮಾತಿನಿಂದ ಇಳಿದು ದನಿಯ ಒರಟಿನಲ್ಲಿ, ಡ್ರಮ್ಮಿನ ಏಟಿನಲ್ಲಿ ಸೇರಿಕೊಳ್ಳುತ್ತದೆ. ಅಶ್ವತ್ಥರಲ್ಲಿ ಅಳಲಾಗಿದ್ದದ್ದು ಇಲ್ಲಿ ಸಿಟ್ಟಿಗೆ ಹತ್ತಿರವಾಗಿ ನನಗೆ ಕೇಳಿಸುತ್ತದೆ. ನಗರದ ಬಾಡಿಗೆ ಕೋಣೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುವ ಹುಡುಗ ಹುಡುಗಿಯರಿಗೆ ಇದು ತಮ್ಮದೇ ಹಾಡು ಎನಿಸಿದರೆ ಆಶ್ಚರ್ಯವಿಲ್ಲ. ಆದರೆ ಅಲ್ಲಿಯೂ ಕೇಳುತ್ತಿರುವವರು ಒಬ್ಬೊಬ್ಬರೇ. ಅಶ್ವತ್ಥರಲ್ಲಿ ಹಾಡುವವನು ಒಂಟಿ, ಇಯರ್‌ಫೋನಿನಲ್ಲಿ ಕೇಳುವವನೂ ಒಂಟಿ.

ಇವೆರಡರ ಪಕ್ಕ ಭಜನೆಯನ್ನು ಇಟ್ಟು ನೋಡಬೇಕು. ತತ್ವಪದಗಳ ಮೇಲಿನ ನನ್ನ ಸಂಶೋಧನೆಗಾಗಿ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕಿನ ಹಲವು ಊರುಗಳಲ್ಲಿ ರಾತ್ರಿ ಭಜನೆಗಳನ್ನು ಕೇಳಿದ್ದೇನೆ. ಈ ಸೀಮೆಯಲ್ಲಿ ಕಡಕೋಳ ಮಡಿವಾಳಪ್ಪನವರ, ಅವರ ಶಿಷ್ಯ ಚನ್ನೂರು ಜಲಾಲಸಾಹೇಬರ ಪದಗಳ ಜೊತೆ ಶಿಶುನಾಳದ ಪದಗಳೂ ಬೆರೆತು ಬರುತ್ತವೆ. ಹಾರ್ಮೋನಿಯಂ, ತಬಲಾ, ತಾಳ ಇರುತ್ತವೆ, ಕೆಲವು ಕಡೆ ಏಕತಾರಿ ಇರುತ್ತದೆ. ಮುಂದಾಳು ಒಂದು ಸಾಲು ಹೇಳುತ್ತಾನೆ, ಹಿಮ್ಮೇಳದವರು ಅದನ್ನೇ ತಿರುಗಿ ಹೇಳುತ್ತಾರೆ. ಇದನ್ನು ಇಲ್ಲಿ ‘ಎಳೆಯುವುದು’ ಎನ್ನುತ್ತಾರೆ. ಮುಂದಾಳು ಉಸಿರು ಎಳೆದುಕೊಳ್ಳುವ ಹೊತ್ತಿನಲ್ಲಿ ಹಾಡನ್ನು ಬೀಳದಂತೆ ಹಿಡಿದಿರುವುದು ಅವರ ಕೆಲಸ.

ಈಗ ಯೋಚಿಸಿ. ಸರಿಮಾಡುವವರು ಯಾರೂ ಇಲ್ಲ ಎಂದು ಒಬ್ಬ ಹಾಡುತ್ತಾನೆ. ಯಾರೂ ಇಲ್ಲ ಎಂದು ಹತ್ತು ಜನ ತಿರುಗಿ ಹೇಳುತ್ತಾರೆ. ಮಾತಿಗೂ ಅದನ್ನು ಹೇಳುವ ಬಗೆಗೂ ನಡುವೆ ಒಂದು ತಮಾಷೆಯ, ಆಳವಾದ ವಿರೋಧ ಹುಟ್ಟುತ್ತದೆ. ಮಾತು ಒಂಟಿತನವನ್ನು ಸಾರುತ್ತಿದ್ದರೆ ದನಿಗಳು ಅದನ್ನು ಸುಳ್ಳು ಮಾಡುತ್ತಿರುತ್ತವೆ. ಕತ್ತಲಲ್ಲಿ ನಾನು ಮೇಲೆ ಹತ್ತಲಾರೆ ಎಂಬ ಮಾತನ್ನು ಹತ್ತು ಜನ ಒಟ್ಟಿಗೆ ಹಾಡಿದಾಗ ಅದು ‘ನಾನು ಕೂಡ’ ಎಂಬ ಹತ್ತು ಒಪ್ಪಿಗೆಗಳಾಗಿ ಕೇಳಿಸುತ್ತದೆ. ದುಃಖ ಕಡಿಮೆಯಾಗಲಿಲ್ಲ, ಹಂಚಿಹೋಯಿತು.

ಮಸ್ಕಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಭಜನೆ ಮುಗಿದ ಮೇಲೆ ಮುಂದಾಳನ್ನು ನಾನು ಕೇಳಿದೆ, “ಅಜ್ಜಾ, ಈ ಪದ ಹಾಡುವಾಗ ನಿಮಗೆ ದುಃಖ ಆಗಲ್ಲೇನು?” ಅವರು ತಾಳಗಳನ್ನು ಬಟ್ಟೆಯಲ್ಲಿ ಸುತ್ತುತ್ತಾ ಹೇಳಿದರು, “ಆಗ್ತದವ್ವ, ಆಗಲ್ಲಂತ ಯಾರಂದ್ರು? ಆದ್ರ ಹಿಂದ ಎಳಿಯೋರು ಇರ್ತಾರಲ್ಲ, ನಿಂದ್ರಾಕ ಬಿಡಂಗಿಲ್ಲ.” ಇದಕ್ಕೆ ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ. ಧ್ವನಿಮುದ್ರಣದಲ್ಲಿ ಗಾಯಕ ಎಲ್ಲಿ ಬೇಕಾದರೂ ನಿಲ್ಲಬಹುದು, ದುಃಖದ ಪದವೊಂದರ ಮೇಲೆ ಬೇಕಾದಷ್ಟು ಹೊತ್ತು ಇರಬಹುದು. ಭಜನೆಯಲ್ಲಿ ಅವನಿಗೆ ಆ ಸ್ವಾತಂತ್ರ್ಯ ಇಲ್ಲ. ಹಿಂದಿನವರು ಅವನನ್ನು ದುಃಖದ ಮೇಲೆ ನಿಂತುಕೊಳ್ಳಲು ಬಿಡುವುದಿಲ್ಲ, ಮುಂದಿನ ಸಾಲಿಗೆ ತಳ್ಳುತ್ತಾರೆ.

ಗುಂಪಿನ ಹಾಡು ಒಬ್ಬರ ಧ್ವನಿಮುದ್ರಣವಾದಾಗ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆ ನನಗೆ ಸದಾ ನೆನಪಾಗುತ್ತದೆ. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿಯೂ ಒಬ್ಬರು ಸಾಲು ಹೇಳಿಕೊಟ್ಟು ಸಭೆ ಅದನ್ನು ಎಳೆಯುವ ಪದ್ಧತಿ ಇತ್ತು. ಅಂಥ ಒಂದು ಹಳೆಯ ಸ್ತೋತ್ರವನ್ನು ಆಧರಿಸಿ ಟೆಕ್ಸಾಸಿನ ಕುರುಡ ಗಾಯಕ ಬ್ಲೈಂಡ್ ವಿಲ್ಲಿ ಜಾನ್ಸನ್ 1927ರಲ್ಲಿ ‘ಡಾರ್ಕ್ ವಾಸ್ ದ ನೈಟ್’ ಎಂಬ ಧ್ವನಿಮುದ್ರಣ ಮಾಡಿದ. ಅದರಲ್ಲಿ ಮಾತುಗಳೇ ಇಲ್ಲ, ಬರೀ ಗುನುಗು ಮತ್ತು ನರಳಿಕೆ. ಅವನು ಒಂದು ಸಲ ಗುನುಗುತ್ತಾನೆ, ಗಿಟಾರಿನ ತಂತಿ ಅದಕ್ಕೆ ಉತ್ತರ ಕೊಡುತ್ತದೆ. ಸಭೆ ಇಲ್ಲದ ಜಾಗದಲ್ಲಿ ಗಿಟಾರು ಸಭೆಯಾಗಿದೆ. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಬಾಹ್ಯಾಕಾಶಕ್ಕೆ ಕಳಿಸಿದ ಧ್ವನಿಮುದ್ರಿಕೆಯಲ್ಲಿ ಈ ಹಾಡನ್ನೂ ಸೇರಿಸಿದರು. ಒಂಟಿತನದ ಹಾಡು ಎಂದು ನಾವು ಅದನ್ನು ಮೆಚ್ಚುತ್ತೇವೆ, ಆದರೆ ಅದರ ಒಳಗೆ ಕಾಣೆಯಾದ ಒಂದು ಗುಂಪು ಇದೆ. ಅಶ್ವತ್ಥರ ಅಥವಾ ರಘು ದೀಕ್ಷಿತರ ‘ಸೋರುತಿಹುದು’ ಕೇಳುವಾಗಲೂ ಎರಡು ಸಾಲುಗಳ ನಡುವೆ ವಾದ್ಯಗಳು ನುಡಿಯುವ ಜಾಗವನ್ನು ಗಮನಿಸಿ. ಅದು ಎಳೆಯುವವರ ಜಾಗ. ಅವರು ಎದ್ದುಹೋದ ಮೇಲೆ ವಾದ್ಯ ಬಂದು ಕೂತಿದೆ.

ಹಾಗೆಂದು ಭಜನೆಯದು ಮೂಲ, ಉಳಿದವು ಕಲಬೆರಕೆ ಎಂಬ ತೀರ್ಪು ಕೊಡಲು ನಾನು ಸಿದ್ಧಳಿಲ್ಲ. ಪರಿಸ್ಥಿತಿ ಅಷ್ಟು ಸರಳವಾಗಿಲ್ಲ. ಸಿಂಧನೂರಿನ ಹತ್ತಿರದ ಊರೊಂದರಲ್ಲಿ ಕೇಳಿದ ಯುವಕರ ಮೇಳ ಈ ಪದವನ್ನು ಹಾಡಿದ್ದು ಅಶ್ವತ್ಥರ ಧಾಟಿಯಲ್ಲೇ, ಕಲಿತದ್ದು ಮೊಬೈಲಿನಿಂದ. ಕ್ಯಾಸೆಟ್ಟು ಭಜನೆಯಿಂದ ಪಡೆದದ್ದನ್ನು ಭಜನೆ ಮತ್ತೆ ಕ್ಯಾಸೆಟ್ಟಿನಿಂದ ವಾಪಸು ಪಡೆಯುತ್ತಿದೆ. ಆದರೆ ಆ ಹುಡುಗರೂ ಪ್ರತಿ ಸಾಲನ್ನು ಇಬ್ಭಾಗ ಮಾಡಿಕೊಂಡು ಒಬ್ಬ ಹೇಳಿ, ಉಳಿದವರು ಎಳೆದರು. ಧಾಟಿ ಅಶ್ವತ್ಥರದು, ಕಟ್ಟುಮಟ್ಟು ಮಾತ್ರ ಊರಿನದು. ಇದನ್ನು ಕೇಳಿದ ಮೇಲೆ ನನಗೆ ಖಚಿತವಾದದ್ದು ಇಷ್ಟು: ರಾಗ ಯಾವುದು, ವಾದ್ಯ ಯಾವುದು ಎಂಬುದಕ್ಕಿಂತ ಸಾಲನ್ನು ಯಾರಾದರೂ ತಿರುಗಿ ಹೇಳುತ್ತಾರೋ ಇಲ್ಲವೋ ಎಂಬುದೇ ಈ ಹಾಡಿನ ಹತಾಶೆಯ ಸ್ವರೂಪವನ್ನು ನಿರ್ಧರಿಸುತ್ತದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ನೋಡಿದವರಿಗೆ ಇದು ಹೊಸ ಮಾತಲ್ಲ. ಮೊಹರಮ್ಮಿನ ರಿವಾಯತ್ ಪದಗಳಲ್ಲಿ ಕರ್ಬಲಾದ ಸಾವಿನ ದುಃಖವನ್ನು ಮೇಳ ಕಟ್ಟಿಕೊಂಡೇ ಹಾಡುತ್ತಾರೆ, ಕೇರಿಯ ಎಲ್ಲ ಜಾತಿಯವರೂ ಅದರಲ್ಲಿರುತ್ತಾರೆ. ಶರೀಫರೂ ಅಂಥ ಪದಗಳನ್ನು ಕಟ್ಟಿದವರು. ದುಃಖವನ್ನು ಒಬ್ಬರೇ ಹಾಡಬಾರದು ಎಂಬ ತಿಳಿವಳಿಕೆ ಅವರಿಗೆ ಆ ಕಡೆಯಿಂದಲೂ ಬಂದಿದ್ದೀತು.

ಒಂದೇ ಮಾತು ಒಂದೊಂದು ಕಡೆ ಒಂದೊಂದು ರೂಪದಲ್ಲಿ ಉಳಿಯುವುದು ಮಸ್ಕಿಯವರಿಗೆ ಹೊಸದೂ ಅಲ್ಲ. 1915ರಲ್ಲಿ ಇಲ್ಲಿ ಸಿಕ್ಕ ಅಶೋಕನ ಕಿರುಶಾಸನದ ಒಕ್ಕಣೆ ಬೇರೆ ಊರುಗಳ ಬಂಡೆಗಳ ಮೇಲೂ ಇದೆ. ಆದರೆ ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರು ಮೊದಲು ಕಂಡದ್ದು ಮಸ್ಕಿಯ ಬಂಡೆಯಲ್ಲಿ. ಒಂದೇ ಒಕ್ಕಣೆಯ ಒಂದು ಪ್ರತಿಯಲ್ಲಿನ ಒಂದು ಹೆಚ್ಚಿನ ಪದ ಇಡೀ ಚರಿತ್ರೆಯನ್ನು ಓದುವ ರೀತಿ ಬದಲಿಸಿತು. ಹಾಡಿನ ಪಾಠಭೇದಗಳನ್ನೂ ಅಷ್ಟೇ ಎಚ್ಚರದಿಂದ ಓದಬೇಕು. ಉಸಿರು ಎಲ್ಲಿ ನಿಂತಿತು, ಯಾವ ಪದ ಯಾವ ಪದಕ್ಕೆ ಅಂಟಿತು ಎಂಬುದೂ ಪಾಠಭೇದವೇ.

ಅಂಥ ಒಂದು ಜಾಗ ಕೊನೆಯ ನುಡಿಯಲ್ಲಿದೆ. ಹೆಂಡತಿಗೆ ಹೇಳುವ ಮಾತಿನ ನಡುವೆ ಕರುಣೆಯ ಪದವೊಂದು ಬರುತ್ತದೆ, ಅದರ ಬೆನ್ನಿಗೇ ಹುಬ್ಬಿ 
ಮಳೆ ಬಂತೆಂಬ ಸುದ್ದಿ. ಕರುಣೆ ಯಾರದು? ಕೇಳುವ ಹೆಂಡತಿಯದೋ, ಬಂದ ಮಳೆಯದೋ? ವ್ಯಾಕರಣ ಎರಡಕ್ಕೂ ಒಪ್ಪುತ್ತದೆ. ಗಾಯಕ ಆ ಪದದ ಆಚೆ ಉಸಿರು ನಿಲ್ಲಿಸಿದರೆ ಕರುಣೆ ಕೇಳುವವಳದಾಗುತ್ತದೆ, ಈಚೆ ನಿಲ್ಲಿಸಿದರೆ ಮಳೆಯದಾಗುತ್ತದೆ. ಹುಬ್ಬಿ ಮಳೆ ಬರುವುದು ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ಭಾಗದಲ್ಲಿ. ಮಳೆಗಾಗಿ ಬಾಯಿ ಬಿಡುವ ನಮ್ಮ ಎರೆಹೊಲಗಳಿಗೆ ಅದು ನಿಜವಾಗಿಯೂ ಕರುಣೆ. ಮನೆಯ ಮೇಲಿನ ಮಣ್ಣನ್ನು ಕರಗಿಸುವ ಮಳೆಯೇ ಹೊಲದ ಮಣ್ಣನ್ನು ಹಸಿ ಮಾಡುತ್ತದೆ. ಮಾಳಿಗೆ ಸೋರುತ್ತಿದ್ದರೂ ಮಳೆಯನ್ನು ಬೈಯಲಾಗದ ರೈತನ ಇಕ್ಕಟ್ಟು ಇಲ್ಲಿದೆ. ಹತಾಶೆ ಮತ್ತು ಕೃತಜ್ಞತೆ ಒಂದೇ ನೀರಿನಲ್ಲಿ ಬರುತ್ತವೆ. ಈ ಇಕ್ಕಟ್ಟು ಗೊತ್ತಿಲ್ಲದಿದ್ದರೆ ಹಾಡು ಬರೀ ಗೋಳಾಗುತ್ತದೆ.

ಅದಾದ ಮೇಲೆ ಬರುವುದು ದೇವರು ಹೇಗೋ ನಿಂತು ಕಾಯುತ್ತಾನೆ ಎಂಬ ನಂಬಿಕೆ. ಆ ‘ಎಂತೋ’ ಎಂಬ ಪುಟ್ಟ ಪದವನ್ನು ನೋಡಿ. ಖಂಡಿತ ಕಾಯುತ್ತಾನೆ ಎಂದು ಹಾಡು ಹೇಳುವುದಿಲ್ಲ, ಹೇಗೆ ಎಂದೂ ಹೇಳುವುದಿಲ್ಲ. ‘ಎಂತೋ’ ಎನ್ನುವಾಗ ಹತಾಶೆ ಇನ್ನೂ ಬಾಗಿಲಲ್ಲೇ ನಿಂತಿರುತ್ತದೆ. ಒಬ್ಬರೇ ಹಾಡಿದ ಧ್ವನಿಮುದ್ರಣಗಳಲ್ಲಿ ಈ ಪದ ನನಗೆ ಸೋತವನ ಕೊನೆಯ ಮಾತಿನಂತೆ ಕೇಳಿಸುತ್ತದೆ. ಮೇಳದಲ್ಲಿ ಹಿಂದಿನವರು ಅದನ್ನು ಎತ್ತಿಕೊಂಡಾಗ, ಏಣಿಯ ನಡುವೆ ನಿಂತವನು ಮಣ್ಣಿನ ಪುಟ್ಟಿ ಇಸಿದುಕೊಂಡಂತೆ ಕೇಳಿಸುತ್ತದೆ.

ಇದನ್ನೆಲ್ಲ ಬರೀ ಸಂಗೀತದ ಚರ್ಚೆಯಾಗಿ ಬಿಡಲು ನನಗೆ ಮನಸ್ಸಿಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ಹಳ್ಳಿಗಳಿಂದ ಬೆಂಗಳೂರಿನ ಕಡೆ ಗುಳೆ ಹೋಗುವವರು ಬಾಗಿಲಿಗೆ ಬೀಗ ಹಾಕಿ ಹೋಗುತ್ತಾರೆ. ಮಾಳಿಗೆಯ ಮೇಲೆ ಹುಲ್ಲು ಬೆಳೆಯುತ್ತದೆ. ಎರಡು ಮಳೆಗಾಲ ಕಳೆದರೆ ಜಂತಿ ಬಾಗುತ್ತದೆ. ಮುಯ್ಯಾಳಿಗೆ ಬರುತ್ತಿದ್ದ ಪಕ್ಕದ ಮನೆಯವರೂ ಗುಳೆ ಹೋಗಿರುತ್ತಾರೆ. ಶರೀಫರ ಹಾಡಿನ ‘ಯಾರೂ ಇಲ್ಲ’ ಈಗ ರೂಪಕದ ಮಾತಾಗಿ ಉಳಿದಿಲ್ಲ, ಓಣಿಯ ಸ್ಥಿತಿಯೇ ಆಗಿದೆ. ಭಜನಾ ಮೇಳಗಳಲ್ಲಿಯೂ ಮುಂದಾಳು ಇದ್ದರೆ ಎಳೆಯುವವರಿಲ್ಲ ಎಂಬ ಮಾತನ್ನು ಮೂರೂ ತಾಲ್ಲೂಕುಗಳಲ್ಲಿ ಕೇಳಿದ್ದೇನೆ. ಇಂಥ ಹೊತ್ತಿನಲ್ಲಿ ಹತಾಶೆಯನ್ನು ಮಹಾನುಭಾವನೊಬ್ಬನ ಖಾಸಗಿ ಆಸ್ತಿ ಎಂದು ಕೊಂಡಾಡುವ ವಿಮರ್ಶೆ ನನಗೆ ಅಪಾಯವಾಗಿ ಕಾಣುತ್ತದೆ. ಅದು ಹಾಡುವವನನ್ನು ಎತ್ತರದಲ್ಲಿ ಕೂರಿಸಿ, ಕತ್ತಲಲ್ಲಿ ಒಬ್ಬನನ್ನೇ ಬಿಟ್ಟು ಬರುತ್ತದೆ.

ಅಶ್ವತ್ಥರ ದನಿಯನ್ನು ಕೇಳಿ, ರಘು ದೀಕ್ಷಿತರ ಬ್ಯಾಂಡನ್ನೂ ಕೇಳಿ. ಎರಡೂ ಈ ಹಾಡಿನ ನಿಜವಾದ ರೂಪಗಳೇ, ಎರಡೂ ಅದನ್ನು ದೂರದ ಕಿವಿಗಳಿಗೆ ಮುಟ್ಟಿಸಿವೆ. ಆದರೆ ಮುಂದಿನ ಸಲ ಕೇಳುವಾಗ ಪಲ್ಲವಿ ಮುಗಿದು ವಾದ್ಯ ಶುರುವಾಗುವ ಆ ಚಿಕ್ಕ ಬಿಡುವಿನಲ್ಲಿ ಸುಮ್ಮನಿರಬೇಡಿ. ಪಕ್ಕದಲ್ಲಿ ಯಾರಿದ್ದರೂ ಸರಿ, ಅವರನ್ನೂ ಕೂಡಿಸಿಕೊಂಡು ಆ ಸಾಲನ್ನು ಎಳೆಯಿರಿ. ಆ ಜಾಗ ಇದ್ದದ್ದೇ ಅದಕ್ಕೆ.